ಪಕ್ಕದ ಸಣ್ಣ ಅಂಗಡಿಗೆ ನಿಮ್ಮಿಂದ ಬೇಕಿರುವುದೇನು?

ಪ್ರಶ್ನೆ: ಮನೆ ಹತ್ತಿರದ ಸಣ್ಣ ಅಂಗಡಿ, ಟೈಲರ್, ರಿಪೇರಿಯವರು ಇವರ ಹತ್ತಿರವೇ ವ್ಯಾಪಾರ ಮಾಡಬೇಕು ಅಂತ ಆಸೆ. ಆದರೆ ನನ್ನದು ಲೆಕ್ಕದ ಸಂಬಳ. ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಗುವಾಗ ಇಲ್ಲಿ ಜಾಸ್ತಿ ಕೊಡುವುದು ಕಷ್ಟ. ಕೆಲವು ಸಲ ಪಾಪ ಅನ್ನಿಸಿ ಬೇಡದ ಸಾಮಾನನ್ನೂ ತಂದಿದ್ದೇನೆ. ಜಾಸ್ತಿ ಖರ್ಚಿಲ್ಲದೆ ಇವರಿಗೆ ನೆರವಾಗುವುದು ಹೇಗೆ? ಕೆಲಸ ಚೆನ್ನಾಗಿಲ್ಲದಿದ್ದರೂ ಸುಮ್ಮನಿರಬೇಕಾ? ನಾನೊಬ್ಬಳು ಕೊಂಡರೆ ಎಷ್ಟು ವ್ಯತ್ಯಾಸ ಆಗುತ್ತದೆ? ಹತ್ತಿರದ ಒಂದು ಅಂಗಡಿಯಂತೂ ಮುಚ್ಚುವ ಹಾಗೆ ಕಾಣುತ್ತಿದೆ, ಏನು ಮಾಡಲಿ?

ಉತ್ತರ: ಬೇಡದ ಸಾಮಾನಿನಿಂದಲೇ ಶುರು ಮಾಡೋಣ. ಪಾಪ ಅನ್ನಿಸಿ ಕೊಳ್ಳುವುದನ್ನು ಇವತ್ತೇ ಬಿಟ್ಟುಬಿಡಿ. ನಿಮ್ಮ ದುಡ್ಡು ದಂಡವಾಗುತ್ತದೆ, ಅದು ನಿಮಗೇ ಗೊತ್ತು. ಅಂಗಡಿಯವರಿಗೂ ಅದರಿಂದ ತೊಂದರೆಯೇ. ಯಾವ ಮಾಲು ಓಡುತ್ತಿದೆ ಅಂತ ಲೆಕ್ಕ ಹಾಕುವ ದೊಡ್ಡ ಸಾಫ್ಟ್‌ವೇರ್ ಸಣ್ಣ ಅಂಗಡಿಯಲ್ಲಿ ಇರುವುದಿಲ್ಲ. ಯಾವುದು ಖಾಲಿಯಾಯಿತೋ ಅದನ್ನು ಮತ್ತೆ ತರಿಸುತ್ತಾರೆ, ಅಷ್ಟೆ. ನೀವು ಕನಿಕರದಿಂದ ಕೊಂಡ ಹೂದಾನಿ ಅವರ ಕಣ್ಣಿಗೆ ಓಡುವ ಮಾಲು. ಮುಂದಿನ ಸಲ ಅಂಥದ್ದೇ ನಾಲ್ಕು ಬರುತ್ತವೆ. ಬಂದವು ಕಪಾಟಿನಲ್ಲಿ ಕೂರುತ್ತವೆ, ಅವುಗಳ ಮೇಲೆ ಹಾಕಿದ ದುಡ್ಡೂ ಅಲ್ಲೇ ಕೂರುತ್ತದೆ.

ಸಣ್ಣ ವ್ಯಾಪಾರಿಗಳ ಲೆಕ್ಕಪುಸ್ತಕ ನೋಡಿಕೊಡುವುದು, ಬ್ಯಾಂಕಿನ ಕಾಗದಪತ್ರ ಹೊಂದಿಸಿಕೊಡುವುದು ನನ್ನ ಕೆಲಸ. ಹಾಗಾಗಿ ನಾನು ಕೌಂಟರಿನ ಆಚೆ ಕಡೆಯಿಂದ ಮಾತಾಡುತ್ತೇನೆ. ಅಲ್ಲಿ ಕೂತವರಿಗೆ ಎಲ್ಲಕ್ಕಿಂತ ಜಾಸ್ತಿ ಬೇಕಿರುವುದು ಖಾತ್ರಿ. ಈ ಗಿರಾಕಿ ಬರುತ್ತಾರೆ, ಹೇಳಿದ ದಿನ ದುಡ್ಡು ಕೊಡುತ್ತಾರೆ, ಬರಲಾಗದಿದ್ದರೆ ಮೊದಲೇ ತಿಳಿಸುತ್ತಾರೆ ಅನ್ನುವ ಖಾತ್ರಿ. ಇದಕ್ಕೆ ನಿಮ್ಮ ಜೇಬಿನಿಂದ ಒಂದು ಪೈಸೆಯೂ ಜಾಸ್ತಿ ಹೋಗುವುದಿಲ್ಲ. ಲೆಕ್ಕದ ಸಂಬಳದವರು ಧಾರಾಳವಾಗಿ ಕೊಡಬಹುದಾದದ್ದು ಇದೇ.

ಯಾಕೆ ಅಂತ ಒಂದು ಪುಟ ತೆಗೆದು ತೋರಿಸುತ್ತೇನೆ. ಒಂದು ಪುಟ್ಟ ಬಡಗಿ ಅಂಗಡಿ ಅಂದುಕೊಳ್ಳಿ. ಗಿರಾಕಿಯೊಬ್ಬರು ಪುಸ್ತಕದ ಕಪಾಟಿಗೆ ಆರ್ಡರ್ ಕೊಟ್ಟಿದ್ದಾರೆ. ಒಪ್ಪಿದ ದರ 100 ಅಂತ ಇಟ್ಟುಕೊಳ್ಳೋಣ. ಮುಂಗಡ 20 ಬಂದಿದೆ. ಒಂದನೇ ತಾರೀಖು ಮರ, ಪ್ಲೈವುಡ್ ತಂದದ್ದಕ್ಕೆ 40, ಅದೂ ನಗದು. ನಾಲ್ಕನೇ ತಾರೀಖು ಕೀಲು, ತಿರುಪು, ಅಂಟು, ಪಾಲಿಶ್ ಸೇರಿ 10. ಎರಡು ವಾರ ಸಹಾಯಕನ ಕೂಲಿ 20. ಹದಿನೈದನೇ ತಾರೀಖು ಕಪಾಟು ಗಿರಾಕಿಯ ಮನೆ ಸೇರಿತು, ಸಾಗಾಟಕ್ಕೆ 5. ಇಲ್ಲಿಗೆ ಕೈಯಿಂದ 75 ಹೋಗಿದೆ, ಕೈಗೆ 20 ಬಂದಿದೆ. ಗಿರಾಕಿ ಕಪಾಟಿನ ಮೇಲೆ ಕೈಯಾಡಿಸಿ, "ತುಂಬಾ ಚೆನ್ನಾಗಿದೆ, ಉಳಿದದ್ದು ಮುಂದಿನ ವಾರ ಕೊಡ್ತೀನಿ" ಅಂದರು. ಮುಂದಿನ ವಾರ ಅವರು ಊರಲ್ಲಿಲ್ಲ. ಅದರ ಮುಂದಿನ ವಾರ ಫೋನ್ ಎತ್ತಲಿಲ್ಲ. ಅಷ್ಟರಲ್ಲಿ ಮೂವತ್ತನೇ ತಾರೀಖು ಬಂತು. ಮಳಿಗೆಯ ಬಾಡಿಗೆ, ಕರೆಂಟ್ ಬಿಲ್ ಎರಡೂ ಬಾಗಿಲಲ್ಲಿ ನಿಂತಿವೆ.

ಪುಸ್ತಕದಲ್ಲಿ ನೋಡಿದರೆ ಈ ಕೆಲಸದಲ್ಲಿ 25 ಉಳಿಯಬೇಕು. ಗಲ್ಲಾಪೆಟ್ಟಿಗೆಯಲ್ಲಿ ನೋಡಿದರೆ 55 ಕೊರತೆ. ಆ ಕೊರತೆಯನ್ನು ಬಡಗಿ ಕೈಸಾಲ ತಂದು ತುಂಬಿಸುತ್ತಾರೆ. ಸಾಲದ ಬಡ್ಡಿ ಆ 25ರಲ್ಲೇ ಹೋಗಬೇಕು. ಗಿರಾಕಿಗೆ ಇದ್ಯಾವುದೂ ಗೊತ್ತಿಲ್ಲ. ಅವರು ಕೆಟ್ಟವರೇನಲ್ಲ. ಬಾಯ್ತುಂಬ ಹೊಗಳಿದ್ದಾರೆ, ನಾಲ್ಕು ಜನಕ್ಕೆ ಕಪಾಟಿನ ಫೋಟೋ ಕಳಿಸಿದ್ದಾರೆ. ತಾನು ಸಣ್ಣ ವ್ಯಾಪಾರಕ್ಕೆ ಬೆಂಬಲ ಕೊಟ್ಟೆ ಅಂತಲೇ ಅಂದುಕೊಂಡಿದ್ದಾರೆ.

ಸಣ್ಣ ವ್ಯಾಪಾರ ಮುಳುಗುವುದು ಬಹಳ ಸಲ ಹೀಗೇ. ಲಾಭ ಇರುತ್ತದೆ, ದುಡ್ಡು ಇರುವುದಿಲ್ಲ. ಅಮೆರಿಕದ ಜೆಪಿಮಾರ್ಗನ್ ಚೇಸ್ ಇನ್‌ಸ್ಟಿಟ್ಯೂಟ್ ಅನ್ನುವ ಬ್ಯಾಂಕಿನ ಸಂಶೋಧನಾ ಸಂಸ್ಥೆ 2016ರಲ್ಲಿ ಸುಮಾರು 6 ಲಕ್ಷ ಸಣ್ಣ ವ್ಯಾಪಾರಗಳ ಬ್ಯಾಂಕ್ ಖಾತೆಗಳನ್ನು ಜಾಲಾಡಿತು. ಬರುವ ದುಡ್ಡು ಪೂರ್ತಿ ನಿಂತುಹೋದರೆ ಕೈಯಲ್ಲಿರುವುದರಲ್ಲಿ ಎಷ್ಟು ದಿನ ಖರ್ಚು ತೂಗಿಸಬಹುದು ಅಂತ ನೋಡಿತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ಸರಿಯಾಗಿ ನಡುವೆ ನಿಂತವರ ಕೈಯಲ್ಲಿದ್ದದ್ದು 27 ದಿನದ ದುಡ್ಡು. ಕೊನೆಯ ಕಾಲು ಭಾಗದವರಿಗೆ 13 ದಿನದಷ್ಟೂ ಇರಲಿಲ್ಲ. ಇಂಥವರಿಗೆ "ಮುಂದಿನ ವಾರ" ಅನ್ನುವುದು ಸಣ್ಣ ಮಾತಲ್ಲ.

ಆದ್ದರಿಂದ ನನ್ನ ಮೊದಲ ಸಲಹೆ, ಬಾಕಿ ಇಡಬೇಡಿ. ಕೆಲಸ ಮುಗಿದ ದಿನವೇ ಪೂರ್ತಿ ಕೊಡಿ. ಹೇಳಿ ಮಾಡಿಸುವ ಕೆಲಸವಾದರೆ, ಸಾಮಾನಿನ ಖರ್ಚಿಗೆ ಸಾಕಾಗುವಷ್ಟು ಮುಂಗಡವನ್ನು ನೀವೇ ಮುಂದಾಗಿ ಕೇಳಿ ಕೊಡಿ. ಎಷ್ಟೋ ಜನ ಸಂಕೋಚಕ್ಕೆ ಮುಂಗಡ ಕೇಳುವುದೇ ಇಲ್ಲ. ನೀವು ಆಫೀಸಿನಲ್ಲೋ ಸಂಘದಲ್ಲೋ ಶಾಲೆಯಲ್ಲೋ ಬಿಲ್ ಪಾಸ್ ಮಾಡುವ ಜಾಗದಲ್ಲಿದ್ದರೆ ನಿಮ್ಮ ಕೈಯಲ್ಲಿ ಇನ್ನೂ ಜಾಸ್ತಿ ಶಕ್ತಿ ಇದೆ. ಮುದ್ರಣದವರು, ಕುರ್ಚಿ ಬಾಡಿಗೆಗೆ ಕೊಡುವವರು, ಬೋರ್ಡ್ ಬರೆಯುವವರು, ಇವರ ಬಿಲ್ಲುಗಳನ್ನು ಮೇಜಿನ ಮೇಲೆ ಮಲಗಿಸಬೇಡಿ. ಈ ಕಾಯಿಲೆ ಎಷ್ಟು ಹಬ್ಬಿದೆ ಅಂದರೆ ಐರೋಪ್ಯ ಒಕ್ಕೂಟ 2011ರಲ್ಲಿ ಇದಕ್ಕೆಂದೇ ಒಂದು ನಿರ್ದೇಶನ ತಂದಿತು. ಸರ್ಕಾರಿ ಕಚೇರಿಗಳು ಸಾಮಾನ್ಯವಾಗಿ 30 ದಿನದೊಳಗೆ ಹಣ ಕೊಡಬೇಕು. ಕಂಪನಿಗಳ ನಡುವೆ, ಬೇರೆ ಸ್ಪಷ್ಟ ಒಪ್ಪಂದ ಇಲ್ಲದಿದ್ದರೆ, 60 ದಿನ ದಾಟಬಾರದು. ಕಾನೂನು ಮಾಡಿಯೂ ತಡ ಮಾಡುವವರು ಮಾಡುತ್ತಲೇ ಇದ್ದಾರೆ ಅನ್ನುವುದು ಬೇರೆ ಮಾತು.

ದುಡ್ಡಿನಷ್ಟೇ ಮುಖ್ಯವಾದದ್ದು ಸಮಯ. ಸಾಮಾನು ಮಾರುವವರು ಇವತ್ತು ಹೋಗದ್ದನ್ನು ನಾಳೆ ಮಾರಬಹುದು. ಕ್ಷೌರದವರು, ಟೈಲರ್, ಸಂಗೀತ ಹೇಳಿಕೊಡುವವರು, ಮನೆಗೆ ಬಂದು ನಲ್ಲಿ ರಿಪೇರಿ ಮಾಡುವವರು ಮಾರುವುದು ತಮ್ಮ ಗಂಟೆಗಳನ್ನು. ನಾಲ್ಕು ಗಂಟೆಗೆ ಬರುತ್ತೇನೆ ಅಂದು ನೀವು ಹೋಗದಿದ್ದರೆ ಆ ನಾಲ್ಕು ಗಂಟೆ ಮತ್ತೆ ಮಾರಾಟಕ್ಕೆ ಸಿಗುವುದಿಲ್ಲ. ಅದೇ ಹೊತ್ತಿಗೆ ಕೇಳಿದ ಇನ್ನೊಬ್ಬರನ್ನು ಅವರು ವಾಪಸ್ ಕಳಿಸಿರುತ್ತಾರೆ. ಹಿಂದಿನ ದಿನ ಒಂದು ಫೋನ್ ಮಾಡಿದರೆ ಸಾಕು. ಇನ್ನೊಂದು ಉಪಾಯ, ಅವರ ಬಿಡುವಿನ ಹೊತ್ತು ಯಾವುದು ಅಂತ ಕೇಳಿ ತಿಳಿದುಕೊಳ್ಳಿ. ಟೈಲರ್ ಹತ್ತಿರ ಮದುವೆ, ಹಬ್ಬ, ಶಾಲೆ ಶುರುವಾಗುವ ಹೊತ್ತಿಗೆ ನಿಲ್ಲಲು ಜಾಗ ಇರುವುದಿಲ್ಲ. ಅದು ಮುಗಿದ ಮೇಲೆ ಮಿಷನ್ ಸುಮ್ನೆ ಕೂತಿರುತ್ತದೆ. ಅವಸರವಿಲ್ಲದ ಕೆಲಸವನ್ನು ಆಗ ಕೊಟ್ಟರೆ ಅವರಿಗೆ ಖಾಲಿ ವಾರ ತುಂಬುತ್ತದೆ, ನಿಮಗೆ ನಿಧಾನವಾಗಿ ಮಾಡಿದ ಒಳ್ಳೆ ಕೆಲಸ ಸಿಗುತ್ತದೆ.

ಇದೇ ಕಾರಣಕ್ಕೆ ನನಗೆ ವರ್ಷಕ್ಕೊಂದು ದಿನದ ಅಭಿಮಾನದ ಮೇಲೆ ಅಷ್ಟೇನೂ ನಂಬಿಕೆ ಇಲ್ಲ. ಅಮೆರಿಕದಲ್ಲಿ 2010ರ ನವೆಂಬರ್‌ನಲ್ಲಿ 'ಸ್ಮಾಲ್ ಬಿಸಿನೆಸ್ ಸ್ಯಾಟರ್ಡೇ', ಅಂದರೆ ಸಣ್ಣ ಅಂಗಡಿಗಳಲ್ಲೇ ಕೊಳ್ಳುವ ಶನಿವಾರ, ಶುರುವಾಯಿತು, 2013ರಲ್ಲಿ ಬ್ರಿಟನ್ನಿಗೂ ಹೋಯಿತು. ಶುರು ಮಾಡಿದ್ದು ಅಮೆರಿಕನ್ ಎಕ್ಸ್‌ಪ್ರೆಸ್ ಅನ್ನುವ ಕಾರ್ಡ್ ಕಂಪನಿ. ಶುಲ್ಕ ಜಾಸ್ತಿ ಅಂತ ಅದೇ ಕಾರ್ಡನ್ನು ಬೇಡ ಅನ್ನುತ್ತಿದ್ದ ಸಣ್ಣ ಅಂಗಡಿಗಳು ಅಲ್ಲಿ ಸಾಕಷ್ಟಿದ್ದವು, ತಮಾಷೆ ಅಲ್ವಾ. ವಿಶ್ವಸಂಸ್ಥೆಯೂ 2017ರಲ್ಲಿ ಜೂನ್ 27ನ್ನು ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ದಿನ ಅಂತ ಘೋಷಿಸಿದೆ. ಜಗತ್ತಿನ ವ್ಯಾಪಾರ ಸಂಸ್ಥೆಗಳಲ್ಲಿ ನೂರಕ್ಕೆ 90 ಇಂಥವೇ, ಉದ್ಯೋಗದಲ್ಲಿ 60ರಿಂದ 70ರಷ್ಟು ಇವರಿಂದಲೇ ಅಂತ ಅದು ಹೇಳುತ್ತದೆ. ದಿನಾಚರಣೆ ಇರಲಿ, ಬೇಡ ಅನ್ನುವುದಿಲ್ಲ. ಆದರೆ ಒಂದು ಶನಿವಾರ ನೂರು ಜನ ನುಗ್ಗಿದರೆ ಅವತ್ತು ಇನ್ನೊಬ್ಬ ಕೆಲಸದವನನ್ನು ಕರೆಯಬೇಕು, ಜಾಸ್ತಿ ಮಾಲು ತುಂಬಿಸಬೇಕು. ಮುಂದಿನ ಮಂಗಳವಾರ ಮತ್ತೆ ಖಾಲಿ. ಅದೇ ನೂರು ಜನ ತಿಂಗಳ ಉದ್ದಕ್ಕೂ ಒಬ್ಬೊಬ್ಬರಾಗಿ ಬಂದರೆ ಎಷ್ಟು ತರಿಸಬೇಕು ಅಂತ ಅಂಗಡಿಯವರು ಸರಿಯಾಗಿ ಅಂದಾಜು ಹಾಕಬಹುದು.

ಈಗ ಬೆಲೆಯ ವಿಷಯ. ಎಲ್ಲವನ್ನೂ ಇಲ್ಲೇ ಕೊಳ್ಳಲು ಹೋಗಬೇಡಿ. ಅದು ಎರಡು ತಿಂಗಳು ನಡೆಯುತ್ತದೆ, ಆಮೇಲೆ ಬೇಸರವಾಗಿ ಪೂರ್ತಿ ಬಿಟ್ಟುಬಿಡುತ್ತೀರಿ. ಮೂರೋ ನಾಲ್ಕೋ ಬಾಬತ್ತು ಆರಿಸಿಕೊಳ್ಳಿ. ಹೊಲಿಗೆ, ಚಪ್ಪಲಿ ರಿಪೇರಿ, ನೋಟ್‌ಬುಕ್ಕು, ಬಲ್ಬು, ಏನಾದರೂ ಸರಿ. ಅವಕ್ಕೆ ಇನ್ನು ಮುಂದೆ ಇದೇ ಅಂಗಡಿ ಅಂತ ಗಟ್ಟಿ ಮಾಡಿಕೊಳ್ಳಿ. ಉಳಿದದ್ದನ್ನು ಎಲ್ಲಿ ಅಗ್ಗವೋ ಅಲ್ಲಿ ತನ್ನಿ. ತಪ್ಪಿತಸ್ಥ ಭಾವನೆ ಬೇಕಾಗಿಲ್ಲ.

ಆರಿಸುವಾಗ ಒಂದು ಲೆಕ್ಕ ನೋಡಿ. ದೂರದ ಕಾರ್ಖಾನೆಯಲ್ಲಿ ತಯಾರಾದ ಫೋನನ್ನು ಪಕ್ಕದ ಅಂಗಡಿಯಲ್ಲಿ ಕೊಂಡರೂ ನಿಮ್ಮ ದುಡ್ಡಿನಲ್ಲಿ ಬಹುಪಾಲು ಆ ಕಾರ್ಖಾನೆಗೇ ಹೋಗುತ್ತದೆ. ಅಂಗಡಿಯಲ್ಲಿ ಉಳಿಯುವುದು ಚೂರು. ಅದೇ ಹಳೆ ಫೋನಿನ ಪರದೆ ಬದಲಿಸಲು ಕೊಟ್ಟರೆ ಪರದೆಯ ಬೆಲೆ ಹೊರಗೆ ಹೋಗುತ್ತದೆ, ಕೂಲಿ ಪೂರ್ತಿ ಇಲ್ಲೇ ಉಳಿಯುತ್ತದೆ. ಹೊಲಿಗೆ, ಬೀಗ ರಿಪೇರಿ, ಕ್ಷೌರ, ಪಾಠ ಇವುಗಳಲ್ಲಿ ಕೊಟ್ಟದ್ದರಲ್ಲಿ ದೊಡ್ಡ ಪಾಲು ಕೆಲಸ ಮಾಡಿದ ಕೈಗೇ ಸೇರುತ್ತದೆ. ಹಾಗಾಗಿ ಕಡಿಮೆ ದುಡ್ಡಿನಲ್ಲಿ ಜಾಸ್ತಿ ನೆರವು ಆಗಬೇಕಾದರೆ ಕೈಕೆಲಸಕ್ಕೆ, ರಿಪೇರಿಗೆ ಕೊಡಿ. ಹೊಸದು ಕೊಳ್ಳುವ ಖರ್ಚೂ ಉಳಿಯುತ್ತದೆ. ಸ್ವೀಡನ್ ದೇಶ 2017ರಲ್ಲಿ ಸೈಕಲ್, ಚಪ್ಪಲಿ, ಬಟ್ಟೆ ರಿಪೇರಿಯ ಮೇಲಿನ ತೆರಿಗೆಯನ್ನು 25%ರಿಂದ 12%ಕ್ಕೆ ಇಳಿಸಿದ್ದು ಜನ ಬಿಸಾಡುವ ಬದಲು ರಿಪೇರಿಗೆ ಹೋಗಲಿ ಅಂತಲೇ.

ದುಡ್ಡು ಊರಲ್ಲೇ ಸುತ್ತುತ್ತದೆ ಅನ್ನುವ ಮಾತನ್ನು ನೀವು ಕೇಳಿರಬಹುದು. ಅದಕ್ಕೆ ಜನ ಜಾಸ್ತಿ ತೋರಿಸುವುದು 2002ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಸಿವಿಕ್ ಎಕನಾಮಿಕ್ಸ್ ಅನ್ನುವ ಸಂಸ್ಥೆ ಮಾಡಿದ ಅಧ್ಯಯನ. ಊರಿನವರದೇ ಆದ ಪುಸ್ತಕ ಮತ್ತು ಸಂಗೀತದ ಅಂಗಡಿಗಳಲ್ಲಿ 100 ಡಾಲರ್ ಖರ್ಚಾದರೆ ಊರಿನ ವ್ಯವಹಾರಕ್ಕೆ 45 ಡಾಲರ್ ಪ್ರಯೋಜನ, ಬಾರ್ಡರ್ಸ್ ಅನ್ನುವ, ಒಂದೇ ಹೆಸರಲ್ಲಿ ಊರೂರಲ್ಲಿದ್ದ ದೊಡ್ಡ ಸರಣಿ ಅಂಗಡಿಯಲ್ಲಾದರೆ 13 ಡಾಲರ್ ಅಂತ ಅದು ಲೆಕ್ಕ ಹಾಕಿತು. ಕಾರಣ ಸರಳ. ಊರಿನ ಅಂಗಡಿ ತನ್ನ ಲೆಕ್ಕಿಗ, ಬೋರ್ಡ್ ಬರೆಯುವವ, ಜಾಹೀರಾತಿನವ ಎಲ್ಲರನ್ನೂ ಊರಲ್ಲೇ ಹುಡುಕುತ್ತದೆ. ಲಾಭವೂ ಊರಲ್ಲೇ ಖರ್ಚಾಗುತ್ತದೆ. ಆದರೆ ಈ ಅಂಕಿಯನ್ನು ಎಲ್ಲ ಕಡೆಗೂ ಹಚ್ಚುವವರನ್ನು ಕಂಡರೆ ನನಗೆ ಸ್ವಲ್ಪ ಕಿರಿಕಿರಿ. ಅದು ಒಂದು ಊರು, ಎರಡು ಅಂಗಡಿ, ಒಂದು ಬಗೆಯ ಸಾಮಾನಿನ ಲೆಕ್ಕ. ದಿಕ್ಕು ಸರಿ ಇದೆ. ಅಂಕಿ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ.

ಚೌಕಾಸಿ ಮಾಡಬಾರದಾ ಅಂತ ಕೇಳಬಹುದು. ಮಾಡಿ, ಆದರೆ ಏನು ಕೇಳುತ್ತಿದ್ದೀರಿ ಅಂತ ಗೊತ್ತಿರಲಿ. 100ಕ್ಕೆ ಮಾರುವ ಸಾಮಾನನ್ನು ಅವರು 80ಕ್ಕೆ ತಂದಿದ್ದಾರೆ ಅಂದುಕೊಳ್ಳಿ. ಉಳಿಯುವ 20ರಲ್ಲೇ ಬಾಡಿಗೆ, ಕರೆಂಟು, ಹುಡುಗನ ಸಂಬಳ ಎಲ್ಲ ಬರಬೇಕು. ನೀವು 10 ಬಿಡಿ ಅಂದರೆ ನಿಮ್ಮ ಕಣ್ಣಿಗೆ ಅದು ನೂರಕ್ಕೆ ಹತ್ತು. ಅವರ ಲೆಕ್ಕದಲ್ಲಿ ಅರ್ಧಕ್ಕರ್ಧ ಹೋಯಿತು. ಎಲ್ಲರಿಗೂ ಹಾಗೆ ಬಿಟ್ಟರೆ ಮೊದಲಿನಷ್ಟೇ ಉಳಿಯಲು ಎರಡರಷ್ಟು ಮಾರಬೇಕು. ದೊಡ್ಡ ಕಂಪನಿ ರಿಯಾಯಿತಿ ಕೊಡುವಾಗ ಸರಬರಾಜುದಾರನ ಕತ್ತು ಹಿಸುಕಿ ಅದನ್ನು ವಸೂಲು ಮಾಡಬಲ್ಲದು. ಸಣ್ಣವರಿಗೆ ಹಿಸುಕಲು ಇರುವುದು ಸ್ವಂತದ್ದೇ. ಅದರಲ್ಲೂ "ನಾನು ನಿಮ್ಮ ಪರಿಚಯದವಳು ಅಲ್ವಾ" ಅಂತ ಕೇಳುವ ರಿಯಾಯಿತಿ ಇದೆಯಲ್ಲ, ಅದು ಎಲ್ಲಕ್ಕಿಂತ ದುಬಾರಿ. ಶುರುವಿನಲ್ಲಿ ಬರುವ ಗಿರಾಕಿಗಳೆಲ್ಲ ಪರಿಚಯದವರೇ.

ಬೆಲೆ ಕಡಿಮೆ ಆಗಲೇಬೇಕಾದರೆ ಬೇರೆ ದಾರಿ ಕೇಳಿ. ಇಡೀ ಡಜನ್ ತೆಗೆದುಕೊಂಡರೆ ಎಷ್ಟು? ಹದಿನೈದು ದಿನ ಕಾಯುತ್ತೇನೆ, ಸಗಟು ಆರ್ಡರಿನ ಜೊತೆ ತರಿಸಿದರೆ ಎಷ್ಟು? ಪ್ಯಾಕಿಂಗ್ ಬೇಡ, ನಾನೇ ಬಂದು ಒಯ್ದರೆ ಎಷ್ಟು? ಇಂಥ ಪ್ರಶ್ನೆಯಲ್ಲಿ ಅವರ ಖರ್ಚೂ ಇಳಿಯುತ್ತದೆ, ಹಾಗಾಗಿ ಅವರು ನಗುತ್ತಲೇ ಬಿಡುತ್ತಾರೆ. ಇನ್ನು ದುಡ್ಡು ಕೊಡುವಾಗ ಅವರಿಗೆ ಯಾವುದು ಅನುಕೂಲ ಅಂತ ಒಂದು ಮಾತು ಕೇಳಿ. ಕ್ರೆಡಿಟ್ ಕಾರ್ಡ್ ಉಜ್ಜಿದರೆ ನೂರಕ್ಕೆ ಒಂದೋ ಎರಡೋ, ಕೆಲವು ಸಲ ಮೂರೋ ಅಂಗಡಿಯವರ ಪಾಲಿನಿಂದ ಹೋಗುವುದು ಬಹಳ ಕಡೆ ಇದೆ. ಎಲ್ಲ ಖರ್ಚು ಕಳೆದು ಕೈಗೆ ಐದು ಉಳಿಯುವ ವ್ಯಾಪಾರದಲ್ಲಿ ಎರಡು ಅಂದರೆ ಕಡಿಮೆಯಲ್ಲ. ಚಿಲ್ಲರೆ ಎಣಿಸುವ ತಲೆನೋವು ಬೇಡ, ಕಾರ್ಡೇ ವಾಸಿ ಅನ್ನುವವರೂ ಇದ್ದಾರೆ. ಅವರೇ ಹೇಳಲಿ.

ಆನ್‌ಲೈನ್ ಅಂದ ತಕ್ಷಣ ಶತ್ರು ಅಂತಲೂ ತಿಳಿಯಬೇಡಿ. ಎಷ್ಟೋ ಸಣ್ಣ ಅಂಗಡಿಗಳು ಆಪ್‌ಗಳ ಮೂಲಕವೇ ಬದುಕಿವೆ. ಆದರೆ ನಡುವಿನವರ ಪಾಲು ಎಷ್ಟು ಅಂತ ತಿಳಿದಿರಲಿ. 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ, ನ್ಯೂಯಾರ್ಕ್ ನಗರಗಳು ಹೋಟೆಲ್‌ಗಳಿಂದ ಆಪ್‌ಗಳು ವಸೂಲು ಮಾಡುವ ಡೆಲಿವರಿ ಕಮಿಷನ್ನಿಗೆ 15% ಮಿತಿ ಹಾಕಬೇಕಾಯಿತು. ಮಿತಿಯೇ ಅಷ್ಟು ಅಂದರೆ ಮೊದಲು ಎಷ್ಟಿತ್ತು ಅಂತ ನೀವೇ ಊಹಿಸಿ. ಆಪ್‌ನಲ್ಲಿ ಹುಡುಕಿ, ಅಂಗಡಿಯ ಹೆಸರು ಸಿಕ್ಕ ಮೇಲೆ ನೇರವಾಗಿ ಫೋನ್ ಮಾಡಿ ಆರ್ಡರ್ ಕೊಡಿ. ಅದೇ ಸಾಮಾನು, ನಿಮಗೆ ಬಹಳ ಸಲ ಅದೇ ಬೆಲೆ ಅಥವಾ ಇನ್ನೂ ಕಡಿಮೆ. ನಡುವಿನ ಪಾಲು ಅಂಗಡಿಗೇ ಉಳಿಯುತ್ತದೆ.

ಒಂದು ಕೆಲಸ ಮಾತ್ರ ದಯವಿಟ್ಟು ಮಾಡಬೇಡಿ. ಅಂಗಡಿಯಲ್ಲಿ ಅರ್ಧ ಗಂಟೆ ಕೂತು, ಹತ್ತು ಜೊತೆ ಶೂ ಹಾಕಿ ನೋಡಿ, ಸೈಜ್ ಗೊತ್ತು ಮಾಡಿಕೊಂಡು ಹೊರಗೆ ಬಂದು ಫೋನಿನಲ್ಲಿ ಆರ್ಡರ್ ಮಾಡುವುದು. ಅಮೆಜಾನ್ 2011ರ ಡಿಸೆಂಬರ್‌ನಲ್ಲಿ ಇದಕ್ಕೇ ಒಂದು ಬಹುಮಾನ ಇಟ್ಟಿತ್ತು. ಅಂಗಡಿಯಲ್ಲಿ ನಿಂತು ತನ್ನ ಆಪ್‌ನಲ್ಲಿ ಬೆಲೆ ಹೋಲಿಸಿ, ತನ್ನಲ್ಲೇ ಕೊಂಡರೆ 5%, ಹೆಚ್ಚೆಂದರೆ 5 ಡಾಲರ್ ಕಡಿತ. ಅಮೆರಿಕದ ಸಣ್ಣ ಅಂಗಡಿಗಳವರು ಕೆಂಡವಾದರು. ಅವರ ಸಿಟ್ಟು ನ್ಯಾಯವೇ. ಜಾಗಕ್ಕೆ ಬಾಡಿಗೆ, ಸಾಮಾನು ತೋರಿಸಿದ ಹುಡುಗನ ಸಂಬಳ ಕೊಟ್ಟದ್ದು ಇವರು, ಮಾರಾಟ ಅವರದು. ಆನ್‌ಲೈನ್‌ನಲ್ಲೇ ಕೊಳ್ಳುವುದಾದರೆ ಅಲ್ಲೇ ಹುಡುಕಿ, ಅಲ್ಲೇ ಸೈಜ್ ಬದಲಿಸಿಕೊಳ್ಳಿ. ಅಂಗಡಿಯವರ ಸಲಹೆ ತೆಗೆದುಕೊಂಡಿರೋ, ಅಲ್ಲೇ ಕೊಳ್ಳಿ. ಬೆಲೆ ಎಟುಕದಿದ್ದರೆ ಹಾಗಂತ ಬಾಯಿಬಿಟ್ಟು ಹೇಳಿ. ಕೆಲವು ಸಲ ಅವರ ಹತ್ತಿರ ಅದೇ ಕೆಲಸಕ್ಕೆ ಬರುವ ಅಗ್ಗದ ಮಾಲು ಇರುತ್ತದೆ, ನೀವು ಕೇಳಿರುವುದಿಲ್ಲ.

ಈಗ ಕೆಲಸ ಚೆನ್ನಾಗಿಲ್ಲದಿದ್ದರೆ? ಖಂಡಿತ ಸುಮ್ಮನಿರಬೇಡಿ. ದೊಡ್ಡ ಕಂಪನಿಗಳು ಗಿರಾಕಿ ಏನಂದುಕೊಂಡ ಅಂತ ತಿಳಿಯಲು ಸಮೀಕ್ಷೆ ಮಾಡಿಸುತ್ತವೆ. ಸಣ್ಣವರಿಗೆ ಇರುವ ಸಮೀಕ್ಷೆ ನೀವೇ. ನೀವು ಏನೂ ಹೇಳದೆ ಬೇರೆ ಕಡೆ ಹೋದರೆ ಅವರಿಗೆ ಕಾಣುವುದು ಗಿರಾಕಿ ಕಡಿಮೆಯಾದದ್ದು ಮಾತ್ರ, ಯಾಕೆ ಅನ್ನುವುದಲ್ಲ. ಹೇಳುವಾಗ ಬೇರೆ ಗಿರಾಕಿಗಳಿಲ್ಲದ ಹೊತ್ತು ನೋಡಿ, ಬಿಡಿಸಿ ಹೇಳಿ. "ನಿಮ್ಮ ಕೆಲಸ ಈಚೆಗೆ ಸರಿಯಿಲ್ಲ" ಅಂದರೆ ಅವರಿಗೆ ನೋವಾಗುತ್ತದೆ, ಪ್ರಯೋಜನ ಇಲ್ಲ. "ಅಣ್ಣಾ, ಹೋದ ತಿಂಗಳು ಹೊಲಿದ ಪ್ಯಾಂಟಿನ ಜೇಬಿನ ಹತ್ತಿರ ಹೊಲಿಗೆ ಬಿಟ್ಟಿದೆ, ಒಂದು ಸಲ ನೋಡ್ತೀರಾ" ಅಂದರೆ ಅವರು ಪ್ಯಾಂಟನ್ನು ತಿರುಗಿಸಿ, ದಾರ ಎಳೆದು ನೋಡುತ್ತಾರೆ. ದಾರ ಸರಿಯಿಲ್ಲವೋ, ಹೊಸ ಹುಡುಗನ ಕೈ ಪಳಗಿಲ್ಲವೋ ಅಂತ ಅಲ್ಲೇ ಗೊತ್ತಾಗುತ್ತದೆ. ಸರಿ ಮಾಡಿಕೊಟ್ಟರೆ ಆ ಅಂಗಡಿ ಬಿಡಬೇಡಿ. ನಿಮ್ಮ ಮೇಲೇ ಹರಿಹಾಯ್ದರೆ ಬೇರೆ ಅಂಗಡಿ ಹುಡುಕಿ. ಸಣ್ಣವರು ಅನ್ನುವ ಒಂದೇ ಕಾರಣಕ್ಕೆ ಯಾರೂ ಒಳ್ಳೆಯವರಾಗುವುದಿಲ್ಲ. ತೂಕದಲ್ಲಿ ಮೋಸ ಮಾಡುವವರು, ಕೆಲಸದ ಹುಡುಗರಿಗೆ ಸಂಬಳ ಕೊಡದವರು ಸಣ್ಣ ಅಂಗಡಿಗಳಲ್ಲೂ ಇದ್ದಾರೆ. ಅಂಥವರಿಗೆ ನಿಮ್ಮ ನಿಷ್ಠೆ ಬೇಡ.

ಚೆನ್ನಾಗಿದ್ದಾಗ ಮಾತ್ರ ನಾಲ್ಕು ಜನರ ಮುಂದೆ ಹೇಳಿ. ಇಂಟರ್‌ನೆಟ್‌ನಲ್ಲಿ ಬರೆಯುವ ಅಭಿಪ್ರಾಯಕ್ಕೆ ನೀವು ಅಂದುಕೊಂಡದ್ದಕ್ಕಿಂತ ಬೆಲೆ ಜಾಸ್ತಿ. ಹಾರ್ವರ್ಡ್‌ನ ಮೈಕೆಲ್ ಲೂಕಾ 2011ರಲ್ಲಿ ಅಮೆರಿಕದ ಸಿಯಾಟಲ್ ನಗರದ ಹೋಟೆಲ್‌ಗಳ ಆದಾಯವನ್ನು ಯೆಲ್ಪ್ ಜಾಲತಾಣದಲ್ಲಿ ಗಿರಾಕಿಗಳು ಕೊಟ್ಟ ಸ್ಟಾರ್‌ಗಳ ಜೊತೆ ಹೋಲಿಸಿ ನೋಡಿದರು. ಒಂದು ಸ್ಟಾರ್ ಹೆಚ್ಚಾದರೆ ಆದಾಯ 5ರಿಂದ 9% ಏರುತ್ತಿತ್ತು. ಸ್ವಾರಸ್ಯ ಇರುವುದು ಮುಂದೆ. ಈ ಏರಿಕೆ ಸ್ವತಂತ್ರ ಹೋಟೆಲ್‌ಗಳಲ್ಲಿ ಕಂಡಿತು, ಸರಣಿ ಹೋಟೆಲ್‌ಗಳಲ್ಲಿ ಕಾಣಲಿಲ್ಲ. ಸರಣಿಯ ಹೆಸರು ಎಲ್ಲರಿಗೂ ಮೊದಲೇ ಗೊತ್ತು. ಹೆಸರಿಲ್ಲದವರಿಗೆ ಗಿರಾಕಿಯ ಮಾತೇ ಹೆಸರು. ಬರೆಯುವಾಗ "ಸೂಪರ್" ಅಂತ ಬರೆದು ಬಿಡಬೇಡಿ. ಏನು ಮಾಡಿಸಿದಿರಿ, ಎಷ್ಟು ದಿನ ಹಿಡಿಯಿತು, ಹೇಳಿದ ದಿನ ಕೊಟ್ಟರಾ ಅಂತ ಎರಡು ಸಾಲು ಬರೆಯಿರಿ. ಹೊಸಬರು ನಂಬುವುದು ಆ ವಿವರವನ್ನೇ. ಪರಿಚಯದವರಿಗೆ ಹೇಳುವಾಗಲೂ ಹಾಗೆ. "ಅಲ್ಲೊಬ್ಬರು ಇದ್ದಾರೆ" ಅನ್ನುವ ಬದಲು "ಹಳೆ ಬ್ಯಾಗಿನ ಜಿಪ್ ಬದಲಿಸುವುದಾದರೆ ಅವರ ಹತ್ತಿರ ಹೋಗಿ" ಅನ್ನಿ.

ಇದರಿಂದ ನಿಮಗೇನು ಸಿಗುತ್ತದೆ ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಯಾಕೆಂದರೆ ಬರೀ ಕರ್ತವ್ಯ ಅಂತ ಮಾಡುವ ಕೆಲಸ ಬಹಳ ದಿನ ನಡೆಯುವುದಿಲ್ಲ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್ 2014ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ, ಕಾಫಿ ಅಂಗಡಿಗೆ ಹೋಗುವ ಕೆಲವರಿಗೆ ಬೇಗ ಕೆಲಸ ಮುಗಿಸಿ ಬನ್ನಿ ಅಂದರು. ಇನ್ನು ಕೆಲವರಿಗೆ ಕಾಫಿ ಕೊಡುವವರ ಮುಖ ನೋಡಿ, ನಕ್ಕು, ಎರಡು ಮಾತಾಡಿ ಬನ್ನಿ ಅಂದರು. ಮಾತಾಡಿ ಬಂದವರು ಜಾಸ್ತಿ ಖುಷಿಯಾಗಿದ್ದರು, ಈ ಜಾಗ ನಮ್ಮದು ಅನ್ನುವ ಭಾವನೆಯೂ ಅವರಲ್ಲಿ ಜಾಸ್ತಿ ಇತ್ತು. ಇನ್ನೊಂದು ಕಠಿಣ ಉದಾಹರಣೆ ಇದೆ. 1995ರ ಜುಲೈನಲ್ಲಿ ಶಿಕಾಗೋದಲ್ಲಿ ಬಿಸಿಗಾಳಿಗೆ 700ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಎಷ್ಟೋ ಜನ ಒಂಟಿಯಾಗಿದ್ದ ವಯಸ್ಸಾದವರು. ಎರಿಕ್ ಕ್ಲಿನನ್‌ಬರ್ಗ್ ಅನ್ನುವ ಸಮಾಜಶಾಸ್ತ್ರಜ್ಞರು ಅಕ್ಕಪಕ್ಕದ ಎರಡು ಬಡ ಬಡಾವಣೆಗಳನ್ನು ಹೋಲಿಸಿದರು. ನಾರ್ತ್ ಲಾನ್‌ಡೇಲ್‌ನಲ್ಲಿ ಸಾವಿನ ಪ್ರಮಾಣ ಸೌತ್ ಲಾನ್‌ಡೇಲ್‌ಗಿಂತ ಸುಮಾರು ಹತ್ತು ಪಟ್ಟು. ಅವರು ಕೊಟ್ಟ ಕಾರಣಗಳಲ್ಲಿ ಒಂದು, ಸೌತ್ ಲಾನ್‌ಡೇಲ್‌ನ ಬೀದಿಗಳಲ್ಲಿ ಅಂಗಡಿ ಸಾಲು ಇತ್ತು, ಜನ ಓಡಾಡುತ್ತಿದ್ದರು. ಹಾಗಾಗಿ ಮುದುಕರೂ ಮನೆಯಿಂದ ಹೊರಗೆ ಬಂದು ಅಂಗಡಿಗಳ ತಂಪಿನಲ್ಲಿ ಕೂತರು. ನಾರ್ತ್ ಲಾನ್‌ಡೇಲ್‌ನಲ್ಲಿ ವ್ಯಾಪಾರಗಳು ಎದ್ದುಹೋಗಿದ್ದವು. ಬೀದಿ ಬಿಕೋ ಅನ್ನುತ್ತಿತ್ತು, ಹೊರಗೆ ಬರಲೇ ಭಯ. ಅಂಗಡಿ ಒಂದೇ ಎಲ್ಲವನ್ನೂ ಉಳಿಸಿತು ಅನ್ನುವುದು ಅತಿಯಾಗುತ್ತದೆ. ಆದರೆ ನೀವು ಎರಡು ದಿನ ಕಾಣದಿದ್ದರೆ "ಏನಾಯ್ತು, ಹುಷಾರಿಲ್ವಾ" ಅಂತ ಕೇಳುವ ಒಬ್ಬರು ಬೀದಿಯಲ್ಲಿ ಇರುವುದು ಸಣ್ಣ ವಿಷಯವಲ್ಲ.

ನಾನೊಬ್ಬಳು ಕೊಂಡರೆ ಏನಾದೀತು ಅಂದಿರಿ. ದೊಡ್ಡ ಕಂಪನಿಗೆ ಏನೂ ಆಗುವುದಿಲ್ಲ, ನಿಜ. ಕೋಟಿಗಟ್ಟಲೆ ಗಿರಾಕಿಗಳಲ್ಲಿ ನೀವು ಇದ್ದರೂ ಒಂದೇ, ಹೋದರೂ ಒಂದೇ. ಒಂದು ಸಣ್ಣ ಅಂಗಡಿಗೆ 200 ಜನ ಕಾಯಂ ಗಿರಾಕಿಗಳು ಅಂದುಕೊಳ್ಳಿ. ಖರ್ಚು ತೂಗಲು 190 ಜನ ಬರಲೇಬೇಕು. ಹಾಗಾದರೆ ಆ ಅಂಗಡಿಯವರು ಮನೆಗೆ ಒಯ್ಯುವ ದುಡ್ಡು ಕೊನೆಯ ಹತ್ತು ಜನರಿಂದ ಬರುವುದು. ಆ ಹತ್ತರಲ್ಲಿ ನೀವೊಬ್ಬರು.

ಕೊನೆಯದಾಗಿ, ಮುಚ್ಚುವ ಹಾಗೆ ಕಾಣುತ್ತಿರುವ ಅಂಗಡಿ. ಕಪಾಟು ಖಾಲಿಯಾಗುತ್ತಾ ಬಂದಿದೆ, ಬಾಗಿಲು ತಡವಾಗಿ ತೆಗೆಯುತ್ತಾರೆ ಅಂತಾದರೆ ಬಹುಶಃ ಸಗಟು ವ್ಯಾಪಾರಿ ಉದ್ರಿ ಕೊಡುವುದು ನಿಲ್ಲಿಸಿದ್ದಾನೆ. ಆದರೆ ಈ ಅನುಮಾನವನ್ನು ಯಾರ ಹತ್ತಿರವೂ ಆಡಬೇಡಿ. ಮುಚ್ಚುತ್ತಾರಂತೆ ಅನ್ನುವ ಸುದ್ದಿ ಹಬ್ಬಿದರೆ ಉಳಿದ ಸರಬರಾಜುದಾರರೂ ನಗದೇ ಬೇಕು ಅನ್ನುತ್ತಾರೆ. ಮುಂಗಡ ಕೊಟ್ಟ ಗಿರಾಕಿಗಳು ವಾಪಸ್ ಕೇಳುತ್ತಾರೆ. ಆರು ತಿಂಗಳು ತಳ್ಳಬಹುದಾಗಿದ್ದ ಅಂಗಡಿ ಆರು ವಾರದಲ್ಲಿ ಮುಚ್ಚುತ್ತದೆ. ಅವರನ್ನೇ ನೇರವಾಗಿ ಕೇಳಿ, ಅದೂ ಒಬ್ಬರೇ ಇದ್ದಾಗ. ಕಾರಣ ಬಾಡಿಗೆ ಏರಿದ್ದಾದರೆ ನಿಮಗೆ ತಿಳಿದ ಅಗ್ಗದ ಮಳಿಗೆ ಇದ್ದರೆ ಹೇಳಿ. ಗಿರಾಕಿ ಕಡಿಮೆಯಾಗಿದ್ದರೆ ನಿಮ್ಮ ಮುಂದಿನ ಎರಡು ತಿಂಗಳ ಕೆಲಸವನ್ನು ಈಗಲೇ ಕೊಡಿ. ವಯಸ್ಸಾಯಿತು, ಮಕ್ಕಳಿಗೆ ಇಷ್ಟವಿಲ್ಲ, ಸಾಕು ಅನ್ನಿಸಿದೆ ಅಂದರೆ ಅದನ್ನು ಸೋಲು ಅಂತ ನೋಡಬೇಡಿ. ಅಲ್ಲೇ ಕೆಲಸ ಕಲಿತ ಹುಡುಗನಿಗೆ ಅಂಗಡಿ ವಹಿಸುವ ಆಲೋಚನೆ ಇದೆಯಾ ಅಂತ ಕೇಳಿ ನೋಡಬಹುದು.

ನಿಮ್ಮ ಬಾಕಿ ಇದ್ದರೆ ಮೊದಲು ತೀರಿಸಿ. ಅವರಿಂದ ಗಿಫ್ಟ್ ವೋಚರ್ ತೆಗೆದುಕೊಂಡಿದ್ದರೆ ಬಳಸಿಕೊಳ್ಳಿ. ಅಂಗಡಿ ದಿವಾಳಿಯಾದರೆ ವೋಚರ್ ಇದ್ದವರು ಸಾಮಾನ್ಯವಾಗಿ ಬಾಕಿ ಬರಬೇಕಾದವರ ಸಾಲಿನಲ್ಲಿ ಹಿಂದೆ ನಿಲ್ಲುತ್ತಾರೆ, ಅಷ್ಟು ಹೊತ್ತಿಗೆ ಹಂಚಲು ಬಹಳ ಸಲ ಏನೂ ಉಳಿದಿರುವುದಿಲ್ಲ. ರಿಪೇರಿಗೋ ಹೊಲಿಗೆಗೋ ಕೊಟ್ಟ ವಸ್ತು ಅಲ್ಲಿದ್ದರೆ ತಂದುಬಿಡಿ. ಬಾಗಿಲಿಗೆ ಬೀಗ ಬಿದ್ದ ಮೇಲೆ ಅದನ್ನು ಬಿಡಿಸಿಕೊಳ್ಳುವುದು ಬಹಳ ಕಷ್ಟ. ಹೊಸದಾಗಿ ಮುಂಗಡ ಕೊಡುವುದಾದರೆ ಸಾಮಾನಿಗೆ ಎಷ್ಟು ಬೇಕೋ ಅಷ್ಟೇ ಕೊಟ್ಟು, ರಶೀದಿ ಬರೆಸಿಕೊಳ್ಳಿ.